ಎಡಗಡೆಯ ಸೊನ್ನೆ

2021ರ ಜೂನ್ ಮೊದಲ ವಾರದ ಒಂದು ಬೆಳಿಗ್ಗೆ, ಅಫಘಾನಿಸ್ತಾನದಲ್ಲಿ ಅಮೆರಿಕದ ಸೇನೆಯಿದ್ದ ಬಗ್ರಾಮ್ ವಾಯುನೆಲೆಯ ಊಟದ ಹಾಲಿನಲ್ಲಿ ತಿಂಡಿಯ ಹೊತ್ತು ಮುಗಿದ ಮೇಲೆ ನನ್ನ ಕೈಯಲ್ಲಿದ್ದ ಎಣಿಕೆಯ ಯಂತ್ರವನ್ನು ನೋಡಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ದುಂಡಗಿನ ಉಕ್ಕಿನ ಯಂತ್ರ ಅದು. ಬಾಗಿಲಲ್ಲಿ ನಿಂತು ಒಳಗೆ ಬರುವವರ ಗುರುತಿನ ಚೀಟಿ ನೋಡಿ, ತಲೆಗೊಂದು ಸಲ ಹೆಬ್ಬೆರಳಿನಿಂದ ಒತ್ತಿದರೆ ಟಿಕ್ಕೆಂದು ಒಂದು ಅಂಕಿ ಮುಂದೆ ಸರಿಯುತ್ತಿತ್ತು. ಒಟ್ಟು ನಾಲ್ಕು ಅಂಕಿಗಳಿಗೆ ಜಾಗವಿದ್ದ ಅದರಲ್ಲಿ, ನಾನು ಆ ಕೆಲಸಕ್ಕೆ ಸೇರಿದ ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ, ಎಡಗಡೆಯ ಸೊನ್ನೆ ಸೊನ್ನೆಯಾಗಿಯೇ ಉಳಿದಿತ್ತು.

ಯಂತ್ರ ಕೆಟ್ಟಿರಬೇಕೆಂದು ಎರಡು ಸಲ ಅಲುಗಾಡಿಸಿ ನೋಡಿದೆ. ಕೆಟ್ಟಿರಲಿಲ್ಲ.

ನಮ್ಮಂಥವರನ್ನು ಅಲ್ಲಿ ಟಿಸಿಎನ್ ಎಂದು ಕರೆಯುತ್ತಿದ್ದರು. ಅಮೆರಿಕದವರೂ ಅಲ್ಲದ, ಅಫಘಾನಿಗಳೂ ಅಲ್ಲದ ಮೂರನೆಯ ದೇಶದವರು ಎಂದರ್ಥ. ಅಡುಗೆ, ಬಟ್ಟೆ ಒಗೆಯುವುದು, ಶೌಚಾಲಯ ತೊಳೆಯುವುದು, ಉಗ್ರಾಣದ ಲೆಕ್ಕ, ಎಲ್ಲವೂ ಭಾರತ, ನೇಪಾಳ, ಫಿಲಿಪ್ಪೀನ್ಸ್‌ಗಳಿಂದ ದುಬೈ ಮೂಲಕ ಬಂದ ನಮ್ಮಂಥ ಗುತ್ತಿಗೆ ಕೆಲಸಗಾರರ ಪಾಲಿಗೆ ಬರುತ್ತಿತ್ತು. ಕರಾವಳಿಯ ಹುಡುಗರೂ ಅಲ್ಲಿ ಕಡಿಮೆಯಿರಲಿಲ್ಲ. ಆ ವರ್ಷದ ವಸಂತದಲ್ಲಿ ಇಡೀ ದೇಶದಲ್ಲಿ ಅಮೆರಿಕದ ಸೈನಿಕರು ಅಧಿಕೃತವಾಗಿ 2,500 ಮಂದಿ ಇದ್ದರೆ, ಗುತ್ತಿಗೆಯ ಮೇಲೆ ದುಡಿಯುತ್ತಿದ್ದವರು 16,000ಕ್ಕೂ ಹೆಚ್ಚು ಇದ್ದರು. ಯುದ್ಧ ಮುಗಿಯಿತೆಂದು ಸೈನಿಕನಿಗೆ ಆದೇಶದ ಮೂಲಕ ತಿಳಿಯುತ್ತದೆ. ನಮಗೆ ಹಾಗೆ ತಿಳಿಸುವವರು ಯಾರೂ ಇರಲಿಲ್ಲವಾದ್ದರಿಂದ ನಾವು ಊಹಿಸಬೇಕಾಗಿತ್ತು, ಮತ್ತು ಆ ಬೇಸಿಗೆಯಲ್ಲಿ ನಾವು ಊಹಿಸಿದಷ್ಟು ಬೇರೆ ಯಾರೂ ಊಹಿಸಿರಲಿಕ್ಕಿಲ್ಲ.

ಹೊರಡುವುದು ಖಚಿತ ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. 2020ರ ಫೆಬ್ರವರಿ 29ರಂದು ದೋಹಾದಲ್ಲಿ ತಾಲಿಬಾನ್ ಜೊತೆ ಆದ ಒಪ್ಪಂದದಲ್ಲಿ 2021ರ ಮೇ 1ರ ಗಡುವು ಇತ್ತು; ಏಪ್ರಿಲ್ 14ರಂದು ಅಧ್ಯಕ್ಷ ಬೈಡನ್ ಅದನ್ನು ಸೆಪ್ಟೆಂಬರ್ 11ಕ್ಕೆ ಮುಂದೂಡಿ, ಅಷ್ಟರೊಳಗೆ ಎಲ್ಲರೂ ಹೊರಬರುತ್ತಾರೆ ಎಂದಿದ್ದರು. ಗುಟ್ಟಾಗಿದ್ದದ್ದು ಯಾವ ದಿನ, ಯಾವ ಹೊತ್ತಿಗೆ, ಹೇಗೆ ಎಂಬುದು. ರಾತ್ರಿ ಕೋಣೆಯಲ್ಲಿ ಇದೇ ವಾದ. ಇಷ್ಟು ಉದ್ದದ ಎರಡು ರನ್‌ವೇಗಳನ್ನು ಬಿಟ್ಟು ಯಾರಾದರೂ ಹೋಗುತ್ತಾರೆಯೇ, ಕಾಬೂಲಿಗೆ ಕೈಗೆಟಕುವಷ್ಟು ಹತ್ತಿರವಿರುವ ಈ ನೆಲೆಯನ್ನು ಕೊನೆಯವರೆಗೂ ಇಟ್ಟುಕೊಳ್ಳುತ್ತಾರೆ ಎಂದು ನಮ್ಮ ಅಡುಗೆಯ ಮುಖ್ಯಸ್ಥ ಹಟ ಹಿಡಿದಿದ್ದ. ಜುಲೈ 4, ಅವರ ಸ್ವಾತಂತ್ರ್ಯ ದಿನ, ಅಂದು ಬಾವುಟ ಇಳಿಸಿ, ಬ್ಯಾಂಡ್ ಬಾರಿಸಿ ಹೋಗುತ್ತಾರೆ ಎಂದು ಇನ್ನೊಬ್ಬನ ಲೆಕ್ಕ. ಬ್ಯಾಂಡಿನ ಮಾತನ್ನು ನಾನೂ ನಂಬಿದ್ದೆ. ಇಪ್ಪತ್ತು ವರ್ಷ ಇದ್ದ ಮನೆಯನ್ನು ಬಿಡುವವರು ಕನಿಷ್ಠ ಬೀಗದ ಕೈಯನ್ನಾದರೂ ಒಬ್ಬರ ಕೈಗೆ ಕೊಟ್ಟು ಹೋಗುತ್ತಾರೆ ಎಂಬುದು ನನ್ನ ಲೋಕಜ್ಞಾನವಾಗಿತ್ತು.

ಆದರೆ ಬಾಗಿಲಲ್ಲಿ ನಿಂತವನಿಗೆ ಕಾಣುತ್ತಿದ್ದ ಚಿಹ್ನೆಗಳು ಬೇರೆಯೇ ಆಗಿದ್ದವು. ಮೊದಲು ಪಿಂಗಾಣಿ ತಟ್ಟೆಗಳು ಹೋಗಿ ಕಾಗದದ ತಟ್ಟೆಗಳು ಬಂದವು. ಬಡಿಸುವ ಎರಡು ಸಾಲುಗಳಲ್ಲಿ ಒಂದಕ್ಕೆ ಹಗ್ಗ ಕಟ್ಟಿದರು. ಮಧ್ಯಾಹ್ನದ ಬಿಸಿ ಊಟದ ಬದಲು ಸೈನಿಕರಿಗೆ ಕಂದು ಬಣ್ಣದ ಲಕೋಟೆಗಳಲ್ಲಿ ಬರುವ ಸಿದ್ಧ ಆಹಾರವನ್ನು ಕೊಡತೊಡಗಿದರು. ಇದರಲ್ಲಿ ಯಾವುದನ್ನೂ ಯಾರೂ ವಾಪಸಾತಿ ಎಂದು ಕರೆಯಲಿಲ್ಲ. ಅಧಿಕಾರಿಗಳ ಬಾಯಲ್ಲಿ ಅದಕ್ಕೆ ‘ರೆಟ್ರೋಗ್ರೇಡ್’ ಎಂಬ ಪದವಿತ್ತು, ಸೋಲು ಗೆಲುವು ಎರಡರ ವಾಸನೆಯೂ ಇಲ್ಲದಂತೆ ಚೆನ್ನಾಗಿ ತೊಳೆದಿಟ್ಟ ಪದ. ನನ್ನ ಮಟ್ಟಿಗೆ ಖಚಿತವಾದ ಸುದ್ದಿ ಸಿಕ್ಕಿದ್ದು ಉಗ್ರಾಣದ ದಾಸ್ತಾನು ಪುಸ್ತಕದಲ್ಲಿ. ಹಿಟ್ಟು, ಎಣ್ಣೆ, ಹೆಪ್ಪುಗಟ್ಟಿಸಿದ ಮಾಂಸ, ಇವುಗಳ ಮುಂದಿನ ತಿಂಗಳ ಬೇಡಿಕೆಯ ಪಟ್ಟಿಯನ್ನು ಪ್ರತಿ ತಿಂಗಳ ಮೊದಲಲ್ಲೇ ತುಂಬಿಸಿ ಕಳಿಸುವುದು ವಾಡಿಕೆ. ಜೂನ್‌ನಲ್ಲಿ ಜುಲೈನ ಪಟ್ಟಿಯನ್ನು ಕೇಳಲು ಯಾರೂ ಬರಲಿಲ್ಲ. ನಾನಾಗಿಯೇ ತುಂಬಿಸಿ ಒಯ್ದಾಗ ಸೂಪರ್‌ವೈಸರ್ ಅದನ್ನು ಓದದೆ ಡ್ರಾಯರಿನೊಳಗೆ ಇಟ್ಟುಕೊಂಡ. ಸೆಪ್ಟೆಂಬರ್ ಎಂದು ಜಗತ್ತಿಗೆ ಹೇಳಿದವರಿಗೆ ಜುಲೈನಲ್ಲೇ ಹಿಟ್ಟು ಬೇಡವಾಗಿತ್ತು.

ನೆಲೆಯ ಇನ್ನೊಂದು ತುದಿಯಲ್ಲಿ ದಿನವಿಡೀ ಯಂತ್ರಗಳು ಸಾಮಾನುಗಳನ್ನು ಪುಡಿಗಟ್ಟುತ್ತಿದ್ದವು. ಒಯ್ಯಲಾಗದ, ಬೇರೆಯವರ ಕೈಗೂ ಸಿಗಬಾರದ ವಸ್ತುಗಳನ್ನು ಒಡೆದು ಹೊರಗಿನ ಗುಜರಿಯವರಿಗೆ ಮಾರಲಾಗುತ್ತಿತ್ತು. ಪಾತ್ರೆ ತೊಳೆಯುವ ವಿಭಾಗದಲ್ಲಿದ್ದ ಪರ್ವಾನ್ ಪ್ರಾಂತ್ಯದ ಹಿರಿಯರೊಬ್ಬರಿಗೆ ಇದರಿಂದ ಬಹಳ ಸಿಟ್ಟು ಬಂದಿತ್ತು. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ ಅವರು ನನ್ನೊಡನೆ ಮಾತಾಡುತ್ತಿದ್ದರು. ಬಗ್ರಾಮ್ ರಷ್ಯನ್ನರ ಕೈಯಲ್ಲಿದ್ದಾಗ ಅವರಿನ್ನೂ ಹುಡುಗ. 1989ರ ಫೆಬ್ರವರಿ 15ರಂದು ಸೋವಿಯತ್ ಸೇನಾಧಿಪತಿ ಬೋರಿಸ್ ಗ್ರೊಮೊವ್ ಹಾಡುಹಗಲಿನಲ್ಲಿ, ಕ್ಯಾಮೆರಾಗಳ ಎದುರಿಗೆ, ಗಡಿಯ ಅಮು ದರಿಯಾ ನದಿಯ ಸೇತುವೆಯನ್ನು ನಡೆದು ದಾಟಿ ದೇಶ ಬಿಟ್ಟ ಕಥೆಯನ್ನು ಮೊದಲು ಹೇಳಿದ್ದೂ ಅವರೇ. “ಅವರು ಹೋಗುವುದು ನಮಗೆ ಕಾಣಿಸಿತ್ತು ಭಾಯ್, ಇವರು ಹೋಗುವುದು ಬರೀ ಕೇಳಿಸುತ್ತಿದೆ” ಎಂದರು. ರಾತ್ರಿ ಸಿ-17 ವಿಮಾನಗಳು ಏರುವ ಸದ್ದಿಗೆ ನಮ್ಮ ಪ್ಲೈವುಡ್ ಗೋಡೆಗಳು ಅದುರುತ್ತಿದ್ದವು. ಎಷ್ಟು ಏರಿದವು ಎಂದು ಬೆಳಿಗ್ಗೆ ಅವರು ಬೆರಳು ಮಡಚಿ ಹೇಳುತ್ತಿದ್ದರು. ಅವರು ವಿಮಾನ ಎಣಿಸುತ್ತಿದ್ದರು, ನಾನು ತಲೆ. ಇಬ್ಬರ ಲೆಕ್ಕವೂ ತಾಳೆಯಾಗುತ್ತಿತ್ತು.

ಆ ಬೆಳಿಗ್ಗೆಯ ಎಣಿಕೆಯನ್ನು ನಾನು ಯಾರಿಗೂ ಹೇಳಲಿಲ್ಲ. ಎಷ್ಟು ಜನ ಉಂಡರು ಎಂಬುದನ್ನು ಹೊರಗೆ ಹೇಳಬಾರದೆಂಬ ನಿಯಮವಿತ್ತು, ಅದು ನ್ಯಾಯವೂ ಹೌದು. ಅಂದು ಸಂಜೆ ಕುಂದಾಪುರದಿಂದ ಅಮ್ಮ ಫೋನಿನಲ್ಲಿ “ಯುದ್ಧ ಮುಗೀತ್ ಅಂಬ್ರ್, ನೀ ಯಾವಾಗ ಬಪ್ದ್ ಮಗಾ?” ಎಂದು ಕೇಳಿದಾಗಲೂ ಸೆಪ್ಟೆಂಬರ್ ಎಂದೇ ಹೇಳಿದೆ. ಕೊರೊನಾದ ಎರಡನೆಯ ಅಲೆಯ ನಡುವೆ ಊರಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದ ತಮ್ಮನ ಖರ್ಚೂ ನನ್ನ ಸಂಬಳದ ಮೇಲೆಯೇ ನಿಂತಿದ್ದಾಗ, ಬೇಗ ಬರುತ್ತೇನೆ ಎಂಬುದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಈ ಯುದ್ಧ ಯಾರಿಗೂ ಬೇಡವಾಗಿದೆ ಎಂದು ಓದುತ್ತಿದ್ದೆ, ನನಗೂ ಅದು ಬೇಕಾಗಿರಲಿಲ್ಲ. ಆದರೆ ಅದರ ಅನ್ನ ತಿಂದವನು ನಾನು ಎಂಬುದನ್ನು ಮರೆಮಾಚುವಂತಿಲ್ಲ.

ಹತ್ತೇ ದಿನಗಳಲ್ಲಿ ನಮ್ಮ ಸರದಿ ಬಂತು. ಎರಡು ಗಂಟೆಯೊಳಗೆ ಗಂಟುಮೂಟೆ ಕಟ್ಟಬೇಕು, ಚಾರ್ಟರ್ ವಿಮಾನ ದುಬೈಗೆ ಹೋಗುತ್ತದೆ ಎಂದರು. ಒಪ್ಪಂದದ ಉಳಿದ ತಿಂಗಳುಗಳ ಸಂಬಳದ ಮಾತೆತ್ತಿದವರಿಗೆ ಕಂಪನಿಯವರು ಇಮೇಲ್ ವಿಳಾಸವೊಂದನ್ನು ಬರೆದುಕೊಟ್ಟರು. ಅಲ್ಲಿಂದ ಉತ್ತರ ಇನ್ನೂ ಬರಬೇಕಾಗಿದೆ. ಉಗ್ರಾಣದ ಬೀಗದ ಕೈಯನ್ನು ಸೂಪರ್‌ವೈಸರ್‌ಗೆ ಒಪ್ಪಿಸಿ, ರಸೀದಿಗೆ ಸಹಿ ಹಾಕಿಸಿಕೊಂಡೆ. ಪಾತ್ರೆ ವಿಭಾಗದ ಹಿರಿಯರಿಗೆ ಹೇಳಿ ಹೋಗಲು ಹುಡುಕಿದೆ, ಅಂದು ಅವರ ಪಾಳಿ ಇರಲಿಲ್ಲ.

ಜುಲೈ 2ರಂದು ಊರಿನಲ್ಲಿ ಸುದ್ದಿ ನೋಡಿದೆ. ಅಮೆರಿಕದವರು ರಾತ್ರೋರಾತ್ರಿ ಬಗ್ರಾಮ್ ಬಿಟ್ಟಿದ್ದರು. ಮುಂದಿನ ದಿನಗಳಲ್ಲಿ ವಿವರಗಳು ಬಂದವು: ಅವರು ಹೊರಟು ಸುಮಾರು 20 ನಿಮಿಷಕ್ಕೆ ವಿದ್ಯುತ್ ನಿಂತು ನೆಲೆ ಕತ್ತಲಲ್ಲಿ ಮುಳುಗಿತ್ತು, ನೆಲೆಯ ಹೊಸ ಅಫಘಾನ್ ದಂಡನಾಯಕ ಜನರಲ್ ಮೀರ್ ಅಸಾದುಲ್ಲಾ ಕೊಹಿಸ್ತಾನಿಗೆ ವಿಷಯ ತಿಳಿದದ್ದು ಎರಡು ಗಂಟೆಗೂ ಹೆಚ್ಚು ಹೊತ್ತಿನ ನಂತರ, ಅಫಘಾನ್ ಸೈನ್ಯ ಒಳಗೆ ಬರುವಷ್ಟರಲ್ಲಿ ಲೂಟಿಗಾರರು ಬ್ಯಾರಕ್‌ಗಳನ್ನು ಜಾಲಾಡಿದ್ದರು. ಬಿಟ್ಟುಹೋದದ್ದು 35 ಲಕ್ಷ ವಸ್ತುಗಳು ಎಂದು ಜನರಲ್ ಲೆಕ್ಕ ಕೊಟ್ಟರು. ಅದರಲ್ಲಿ ನೀರಿನ ಬಾಟಲಿಗಳಿದ್ದವು, ನಾನು ಹಂಚಿದ ಸಿದ್ಧ ಆಹಾರದ ಲಕೋಟೆಗಳಿದ್ದವು, ಸಾವಿರಾರು ವಾಹನಗಳಿದ್ದವು, ಅವುಗಳಲ್ಲಿ ಎಷ್ಟಕ್ಕೋ ಕೀಲಿ ಇರಲಿಲ್ಲ. ಎಲ್ಲರೂ ಸೇನಾತಂತ್ರದ ಬಗ್ಗೆ ಚರ್ಚಿಸುತ್ತಿದ್ದಾಗ ನನ್ನ ತಲೆಯಲ್ಲಿದ್ದದ್ದು ಉಗ್ರಾಣದ ಹಿಂದಿನ ಡೀಪ್ ಫ್ರೀಜರುಗಳು. ಕರೆಂಟಿಲ್ಲದೆ, ಜುಲೈ ಬಿಸಿಲಿನಲ್ಲಿ, ಆ ಮಾಂಸ ಎಷ್ಟು ಹೊತ್ತು ತಡೆದೀತು ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ.

ಅದಾಗಿ ಎರಡು ದಿನಕ್ಕೆ ವಾಟ್ಸಾಪ್‌ನಲ್ಲಿ ಪರ್ವಾನ್‌ನ ಹಿರಿಯರ ಧ್ವನಿ ಸಂದೇಶ ಬಂತು. ಕುಶಲ ಕೇಳಿದ ಮೇಲೆ, ಹಿಟ್ಟಿನ ಉಗ್ರಾಣದ ಕೀ ಯಾವ ಮೊಳೆಗೆ ನೇತುಹಾಕಿದ್ದೆ ಭಾಯ್, ಇಲ್ಲಿ ಸೈನಿಕರು ಕೇಳುತ್ತಿದ್ದಾರೆ ಎಂದಿದ್ದರು. ರಸೀದಿಯ ಫೋಟೋ ತೆಗೆದು ಕಳಿಸಿದೆ. ಅದರಲ್ಲಿರುವ ಸಹಿ ಯಾರದೆಂದು ಅವರು ತಿರುಗಿ ಕೇಳಿದರು. ಹೆಸರು ಬರೆದೆ. ಅವನು ಈಗ ಎಲ್ಲಿದ್ದಾನೆ ಎಂದು ಕೇಳಿದರು.