ನಾಲ್ಕು ಎಳೆಯ ಕೆಂಪು

ಅಮೆರಿಕದ ಆಲ್ಬುಕರ್ಕಿ ನಗರದಲ್ಲಿ ನಾನು ಕೊಂಡ, ಅಲ್ಲಿನ ಮೂಲನಿವಾಸಿಗಳಾದ ನವಾಹೋ ಜನರ ಮೊದಲ ಹಳೆಯ ನೇಯ್ಗೆ ಎರಡು ಮೊಳ ಉದ್ದದ್ದು. ಅಂಚಿನಲ್ಲಿ ಬಿಚ್ಚಿಕೊಂಡಿದ್ದ ಕೆಂಪು ನೂಲನ್ನು ಭೂತಗನ್ನಡಿಯಲ್ಲಿ ನೋಡಿದೆ: ನಾಲ್ಕು ಎಳೆ ಸೇರಿಸಿದ ಸಮನಾದ ಹುರಿ. ಕೈಯಲ್ಲಿ ನೂತದ್ದಾದರೆ ಸಾಮಾನ್ಯವಾಗಿ ಒಂಟಿ ಎಳೆ, ಅಲ್ಲಲ್ಲಿ ದಪ್ಪ. ಇದು ಜರ್ಮನ್‌ಟೌನ್ ಉಣ್ಣೆ. ಪೆನ್ಸಿಲ್ವೇನಿಯಾದ ಗಿರಣಿ ನೂಲು, ರಾಸಾಯನಿಕ ಬಣ್ಣ. ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಹತ್ತಿಯದು.

ಗಿರಣಿ ನೂಲೆಂದು ಮೂಗು ಮುರಿಯುವವರನ್ನು ನಾನು ಒಪ್ಪುವುದಿಲ್ಲ. 1864ರಲ್ಲಿ ಅಮೆರಿಕದ ಸೈನ್ಯ ನವಾಹೋ ಜನರನ್ನು ಬೋಸ್ಕೆ ರೆಡೊಂಡೋ ಎಂಬ ಬಂದಿ ನೆಲೆಗೆ ಬಲವಂತವಾಗಿ ನಡೆಸಿಕೊಂಡು ಹೋಯಿತು, ಕುರಿಮಂದೆಗಳು ನಾಶವಾದವು. 1868ರಲ್ಲಿ ತಾಯ್ನೆಲಕ್ಕೆ ಮರಳಿದರು. 1880ರ ದಶಕದಲ್ಲಿ ರೈಲು ತಂದ ನೂಲಿನಿಂದ ಹೆಂಗಸರು ಕಣ್ಣು ಕೋರೈಸುವ ಗರಗಸದಂಚಿನ ವಜ್ರಾಕೃತಿಗಳನ್ನು ನೇಯ್ದರು. ಆ ಧೈರ್ಯಕ್ಕೆ ಸೋತೇ ಸಂಗ್ರಹಿಸುತ್ತೇನೆ.

ನನ್ನದರ ಒಂದು ಮಗ್ಗುಲು ಬಿಸಿಲಿಗೆ ಮಾಸಿದೆ. ಈಗ ಕಿಟಕಿಯಿಂದ ದೂರ, ಮಾಸದ ಮಗ್ಗುಲನ್ನು ಗೋಡೆಗೆ ಆನಿಸಿ ತೂಗುಹಾಕಿದ್ದೇನೆ.