ಪೆನ್ನು ಅವನ ಕೈಯಲ್ಲಿರಲಿ

ನಮ್ಮ ಕಾಲೇಜಿನ ಹಿಂಭಾಗದ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಹುಣಸೆಮರದ ಕಡೆಯ ಬುಟ್ಟಿಯ ರಿಂಗು ಸ್ವಲ್ಪ ಬಾಗಿತ್ತು. ಎಡಗಡೆಯಿಂದ ಎಸೆದ ಚೆಂಡನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು, ಬಲಗಡೆಯಿಂದ ಬಂದದ್ದನ್ನು ಒದ್ದು ಹೊರಗೆ ಕಳಿಸುತ್ತಿತ್ತು. ಹೊರಗಿನಿಂದ ಬಂದ ತಂಡಗಳು ಇದನ್ನು ಅರಿಯುವ ಹೊತ್ತಿಗೆ ನಾವು ಎಂಟು ಹತ್ತು ಅಂಕ ಮುಂದೆ ಹೋಗಿರುತ್ತಿದ್ದೆವು. 2004ರಿಂದ 2007ರವರೆಗೆ, ಬಿ.ಎಸ್ಸಿ. ಓದಿದ ಮೂರು ವರ್ಷವೂ ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ನಾಲ್ಕೂವರೆಗೆ ನಾನು ಆ ಅಂಕಣದಲ್ಲಿರುತ್ತಿದ್ದೆ.

ನಮ್ಮ ಪಿ.ಡಿ. ಸರ್ ಮದ್ರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಿ ಪಡೆದವರು. ಆ ಕಾಲೇಜನ್ನು 1920ರಲ್ಲಿ ಕಟ್ಟಿದ ಹ್ಯಾರಿ ಕ್ರೋ ಬಕ್ ಓದಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ. 1891ರ ಚಳಿಗಾಲದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಹೊಡೆದು ಈ ಆಟವನ್ನು ಹುಟ್ಟುಹಾಕಿದ್ದು ಅದೇ ಸಂಸ್ಥೆಯಲ್ಲಿ. ಹಿಮ ಬೀಳುವ ತಿಂಗಳುಗಳಲ್ಲಿ ಹುಡುಗರಿಗೆ ಒಳಾಂಗಣದಲ್ಲಿ ಆಡಲು ಏನಾದರೂ ಕಂಡುಹಿಡಿ ಎಂದು ಮೇಲಿನವರು ಅವರಿಗೆ ಹದಿನಾಲ್ಕು ದಿನಗಳ ಗಡುವು ಕೊಟ್ಟಿದ್ದರಂತೆ. ‘ಹೋಂವರ್ಕ್ ಆಗಿ ಹುಟ್ಟಿದ ಆಟ ಕಣಮ್ಮ ಇದು. ಓದಿಗೂ ಇದಕ್ಕೂ ಹಗೆ ಎಲ್ಲಿಂದ ಬಂತು?’ ಎಂದು ಸರ್ ಕೇಳುತ್ತಿದ್ದರು.

ಹಗೆ ಎಲ್ಲಿಂದ ಬರುತ್ತದೆ ಎಂಬುದು ಎರಡನೆಯ ವರ್ಷದಲ್ಲಿ ನನಗೆ ಗೊತ್ತಾಯಿತು. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಗಳು, ಅದಕ್ಕೂ ಮೊದಲಿನ ತರಬೇತಿ ಶಿಬಿರ ಎಲ್ಲ ಸೇರಿ ಹದಿನೆಂಟು ದಿನ ಕಳೆದು ವಾಪಸು ಬಂದಾಗ ಎರಡು ಟೆಸ್ಟ್‌ಗಳು ಮುಗಿದುಹೋಗಿದ್ದವು. ಆಟಕ್ಕೆ ಹೋದವರಿಗೆ ಹಳೆಯ ಟೆಸ್ಟ್‌ಗಳ ಸರಾಸರಿ ನೋಡಿ ಅಂಕ ಹಾಕುವ ರೂಢಿ ಆಗ ಇತ್ತು. ಒಂದು ವಿಭಾಗದಲ್ಲಿ ಹಾಗೆಯೇ ಹಾಕಿದರು. ಗಣಿತದ ಮೇಡಂ ಮಾತ್ರ ಒಪ್ಪಲಿಲ್ಲ. ‘ಅಂಕ ಹಾಕುವುದು ನನಗೆ ಎರಡು ನಿಮಿಷದ ಕೆಲಸ. ಆಮೇಲೆ ನಿನಗೆ ಆ ಪಾಠ ಮಾಡುವವರು ಯಾರು?’ ಎಂದರು.

ಒಂಬತ್ತು ದಿನ, ಬೆಳಗಿನ ಅಭ್ಯಾಸ ಮುಗಿಸಿ ಏಳೂಮುಕ್ಕಾಲಿಗೆ ನಾನು ಸ್ಟಾಫ್ ರೂಮಿಗೆ ಹೋಗಬೇಕಾಯಿತು. ಶೂ ಬಾಗಿಲ ಹೊರಗೆ, ನಾನು ಬೆವರಿನ ಟೀ ಶರ್ಟಿನಲ್ಲಿ ಒಳಗೆ. ಅನಂತ ಶ್ರೇಣಿಯ ಅಧ್ಯಾಯ. ಮೇಡಂ ಬೋರ್ಡ್ ಬಳಸುತ್ತಿರಲಿಲ್ಲ. ಹಳೆಯ ಉತ್ತರಪತ್ರಿಕೆಗಳ ಖಾಲಿ ಹಾಳೆಗಳನ್ನು ನನ್ನ ಮುಂದೆ ಸರಿಸಿ, ‘ನೀನು ಬರೆ, ನಾನು ನೋಡುತ್ತೇನೆ’ ಎನ್ನುತ್ತಿದ್ದರು. ಭಾನುವಾರ ಅವರ ಮನೆಯ ಊಟದ ಮೇಜಿನ ಮೇಲೆ ಟೆಸ್ಟ್ ನಡೆಯಿತು. 25ಕ್ಕೆ 16 ಬಂತು. ಸರಾಸರಿ ಹಾಕಿದ್ದರೆ 19 ಸಿಗುತ್ತಿತ್ತು. ಆ ಮೂರು ಅಂಕಕ್ಕಾಗಿ ಒಂದು ತಿಂಗಳು ನಾನು ಅವರೊಡನೆ ಮುಖ ಕೊಟ್ಟು ಮಾತನಾಡಲಿಲ್ಲ. ಇಂದಿಗೂ ಅನಂತ ಶ್ರೇಣಿ ನನಗೆ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ. ಇನ್ನೊಂದು ವಿಷಯದಲ್ಲಿ ಅಂಕ ಸಿಕ್ಕಿತು, ಅಧ್ಯಾಯ ಕೈತಪ್ಪಿತು.

ಈ ಮಾತನ್ನು ಇಲ್ಲಿ ಬರೆಯಲು ಕಾರಣವಿದೆ. 2010ರಲ್ಲಿ ನಾನು ಸಂಖ್ಯಾಶಾಸ್ತ್ರ ಓದಲು ಅಮೆರಿಕಕ್ಕೆ ಹೋದೆ. ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಎಂಥದ್ದು ಎಂಬುದು ಇಲ್ಲಿ ಕುಳಿತು ಊಹೆಗೆ ಬರುವುದಿಲ್ಲ. ವಿಶ್ವವಿದ್ಯಾಲಯದ ಕ್ರೀಡಾಂಗಣ ಸಾವಿರಾರು ಜನರಿಂದ ತುಂಬುತ್ತದೆ, ಪಂದ್ಯಗಳು ದೇಶವಿಡೀ ಟಿವಿಯಲ್ಲಿ ಬರುತ್ತವೆ, ಕೋಚ್‌ನ ಸಂಬಳ ಕುಲಪತಿಯ ಸಂಬಳವನ್ನು ಮೀರುವುದುಂಟು. ಮಾರ್ಚ್ ತಿಂಗಳಲ್ಲಿ 68 ತಂಡಗಳ ಟೂರ್ನಿ ಶುರುವಾದರೆ ಕಚೇರಿಗಳಲ್ಲಿ ಕೆಲಸವೇ ನಿಂತಂತಾಗುತ್ತದೆ. ಆ ಆಟ ಆಡುವವರು ಹತ್ತೊಂಬತ್ತು ಇಪ್ಪತ್ತರ ಹುಡುಗರು, ಮತ್ತು ನಿಯಮದ ಪ್ರಕಾರ ಅವರೆಲ್ಲ ವಿದ್ಯಾರ್ಥಿಗಳು.

ಖರ್ಚಿಗೆ ಬೇಕಾಗಿ ನಾನು ಆಟಗಾರರಿಗೆ ಪಾಠ ಹೇಳಿಕೊಡುವ ಕೇಂದ್ರದಲ್ಲಿ ಗಂಟೆ ಲೆಕ್ಕದ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅದರ ಸಾರ ಇಷ್ಟು: ಪಾಠ ಹೇಳುವವರು ವಿದ್ಯಾರ್ಥಿಯ ಹಾಳೆಯ ಮೇಲೆ ಒಂದು ಅಕ್ಷರವನ್ನೂ ಬರೆಯಬಾರದು, ಅವನ ಲ್ಯಾಪ್‌ಟಾಪಿನ ಒಂದು ಕೀಲಿಯನ್ನೂ ಒತ್ತಬಾರದು. ಪೆನ್ನು ಯಾವಾಗಲೂ ಅವನ ಕೈಯಲ್ಲಿರಬೇಕು. ಅದನ್ನು ಓದುತ್ತಿದ್ದಂತೆ ಸ್ಟಾಫ್ ರೂಮು, ಬಾಗಿಲ ಹೊರಗಿನ ಶೂ ಕಣ್ಣ ಮುಂದೆ ಬಂದವು.

ನನ್ನ ಪಾಲಿಗೆ ಬಂದ ಒಬ್ಬ ಹುಡುಗನ ಎತ್ತರ ಆರಡಿ ಎಂಟಂಗುಲ. ರಾತ್ರಿ ಎಂಟಕ್ಕೆ ಬರುತ್ತಿದ್ದ. ಎರಡೂ ಮೊಣಕಾಲಿಗೆ ಮಂಜುಗಡ್ಡೆಯ ಚೀಲ ಇಟ್ಟು ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯಂಥದ್ದನ್ನು ಸುತ್ತಿರುತ್ತಿದ್ದರು. ಒಂದು ಗಂಟೆಯ ಪಾಠ ಮುಗಿಯುವ ಹೊತ್ತಿಗೆ ಅದು ಕರಗಿ, ಅವನ ಕುರ್ಚಿಯ ಕೆಳಗೆ ನೀರು ನಿಲ್ಲುತ್ತಿತ್ತು. ಹೋಗುವಾಗ ಅವನೇ ಕಾಗದದ ಟವೆಲ್ ತಂದು ಒರೆಸುತ್ತಿದ್ದ. ಒಂದು ದಿನವೂ ಒರೆಸದೆ ಹೋದವನಲ್ಲ.

ಅಭ್ಯಾಸ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರಬಾರದು ಎಂದು ಅಲ್ಲಿನ ಕಾಲೇಜು ಕ್ರೀಡೆಗಳ ಒಕ್ಕೂಟವಾದ ಎನ್‌ಸಿಎಎಯ ನಿಯಮವಿದೆ. ಆದರೆ ಪಂದ್ಯದ ದಿನವನ್ನು ಎಷ್ಟು ಹೊತ್ತು ಹಿಡಿದರೂ 3 ಗಂಟೆ ಎಂದೇ ಬರೆದುಕೊಳ್ಳುತ್ತಾರೆ. ಪ್ರಯಾಣ ಲೆಕ್ಕಕ್ಕಿಲ್ಲ, ಮೊಣಕಾಲಿನ ಮಂಜುಗಡ್ಡೆಯೂ ಲೆಕ್ಕಕ್ಕಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ನಡೆಯುವ ಈ ಋತು ಎರಡು ಸೆಮಿಸ್ಟರ್‌ಗಳನ್ನೂ ತಿನ್ನುತ್ತದೆ. ಮಂಗಳವಾರ ರಾತ್ರಿ ಇನ್ನೊಂದು ರಾಜ್ಯದಲ್ಲಿ ಆಡಿ, ಬೆಳಗಿನ ಜಾವ ಬಂದಿಳಿದು, ಒಂಬತ್ತಕ್ಕೆ ತರಗತಿಯಲ್ಲಿ ಕುಳಿತಿರಬೇಕು. ಕುಳಿತಿದ್ದಾನೆಯೇ ಎಂದು ಬಾಗಿಲ ಗಾಜಿನಲ್ಲಿ ಇಣುಕಿ ಗುರುತು ಹಾಕಿಕೊಳ್ಳಲು ಕೇಂದ್ರದಿಂದ ಒಬ್ಬರು ಬರುತ್ತಿದ್ದರು.

ಅವನಿಗೆ ಸಿವಿಲ್ ಎಂಜಿನಿಯರಿಂಗ್ ಓದುವ ಆಸೆಯಿತ್ತು. ಅವನ ತಾತ ಸೇತುವೆಗಳಿಗೆ ಬೆಸುಗೆ ಹಾಕುವ ಕೆಲಸದಲ್ಲಿದ್ದವರು. ಆದರೆ ಪ್ರಯೋಗಾಲಯ ಮಧ್ಯಾಹ್ನ ಎರಡರಿಂದ ಐದು, ತಂಡದ ಅಭ್ಯಾಸ ಎರಡೂವರೆಗೆ. ಸಲಹೆಗಾರರು ಅವನನ್ನು ಬೆಳಗಿನ ತರಗತಿಗಳೇ ಇರುವ ಬೇರೊಂದು ಪದವಿಗೆ ಸೇರಿಸಿದರು. ಮೂರನೆಯ ವರ್ಷ ಕಾಲಿಡುವ ಮೊದಲು ಪದವಿಯ 40 ಪ್ರತಿಶತ, ನಾಲ್ಕನೆಯದಕ್ಕೆ 60, ಐದನೆಯದಕ್ಕೆ 80 ಮುಗಿಸಿರಬೇಕು ಎಂಬುದು ಅಲ್ಲಿನ ಕಟ್ಟಳೆ. ಹುಡುಗರು ಏನೇನೋ ತರಗತಿ ತೆಗೆದುಕೊಂಡು ಕಾಲ ಕಳೆಯದೆ ಪದವಿಯ ಕಡೆಗೆ ನಡೆಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಆದರೆ ಆ ಕಟ್ಟಳೆಯ ಕೆಳಗೆ, ಒಮ್ಮೆ ದಾರಿ ಬದಲಿಸಿದವನು ಮತ್ತೆ ಎಂಜಿನಿಯರಿಂಗ್ ಕಡೆ ತಿರುಗಿದರೆ ಹಳೆಯ ತರಗತಿಗಳು ಲೆಕ್ಕಕ್ಕೆ ಬಾರದೆ ಆಡುವ ಹಕ್ಕನ್ನೇ ಕಳೆದುಕೊಳ್ಳಬಹುದು. ಆ ಹುಡುಗ ಸೇತುವೆಯನ್ನು ಬಿಟ್ಟುಕೊಟ್ಟ. ನನಗೆ ಇಂದಿಗೂ ಕರುಳು ಹಿಂಡುವ ಸಂಗತಿ ಅದು.

ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಒಂದು ಸಂಖ್ಯೆ: ಎಪಿಆರ್, ಅಂದರೆ ತಂಡದ ಓದಿನ ಪ್ರಗತಿಯನ್ನು ಸಾವಿರಕ್ಕೆ ಇಷ್ಟು ಎಂದು ಅಳೆಯುವ ಲೆಕ್ಕ. ನಾನು ಓದುತ್ತಿದ್ದ ವಿಷಯಕ್ಕೆ ಅದು ಹತ್ತಿರವಾದ್ದರಿಂದ ಅದನ್ನು ಬಿಡಿಸಿ ನೋಡುವ ಕುತೂಹಲ ನನಗಿತ್ತು. ವಿದ್ಯಾರ್ಥಿವೇತನ ಪಡೆಯುವ ಪ್ರತಿಯೊಬ್ಬನಿಗೂ ಸೆಮಿಸ್ಟರ್‌ಗೆ ಎರಡು ಅಂಕ, ಕಾಲೇಜಿನಲ್ಲಿ ಉಳಿದಿದ್ದರೆ ಒಂದು, ಆಡುವ ಅರ್ಹತೆ ಉಳಿಸಿಕೊಂಡಿದ್ದರೆ ಇನ್ನೊಂದು. ಪುರುಷರ ತಂಡದಲ್ಲಿ ಆಗ 13 ವಿದ್ಯಾರ್ಥಿವೇತನಗಳಿದ್ದವು, ಅಂದರೆ ವರ್ಷಕ್ಕೆ 52 ಅಂಕ. ಒಂದು ಹೋದರೆ ಸಾವಿರಕ್ಕೆ 981. ನಾಲ್ಕು ಹೋದರೆ 923. ನಾಲ್ಕು ವರ್ಷಗಳ ಸರಾಸರಿ 930 ಮುಟ್ಟದ ತಂಡಕ್ಕೆ ಮಾರ್ಚ್ ಟೂರ್ನಿಯ ಬಾಗಿಲು ಮುಚ್ಚಬೇಕು ಎಂಬ ತೀರ್ಮಾನ 2011ರಲ್ಲಿ ಆಯಿತು. ಅದೇ ವರ್ಷ ಪ್ರಶಸ್ತಿ ಗೆದ್ದಿದ್ದ ಕನೆಕ್ಟಿಕಟ್ ತಂಡ ಈ ಲೆಕ್ಕದಲ್ಲಿ ಸೋತು 2013ರ ಟೂರ್ನಿಯಿಂದ ಹೊರಗುಳಿಯಿತು. 2014ರಲ್ಲಿ ವಾಪಸು ಬಂದು ಮತ್ತೆ ಪ್ರಶಸ್ತಿ ಗೆದ್ದಿತು. ಬಾಗಿಲು ಮುಚ್ಚಿದ್ದು ಸರಿ ಎಂದೇ ನಾನು ನಂಬುತ್ತೇನೆ. ಅಷ್ಟು ದೊಡ್ಡ ತಂಡವನ್ನು ಮನೆಯಲ್ಲಿ ಕೂರಿಸಲು ಎದೆಗಾರಿಕೆ ಬೇಕು. ಆದರೂ ಆ 52 ಅಂಕಗಳಲ್ಲಿ ಒಂದಾದರೂ ‘ಇವನು ಏನು ಕಲಿತ’ ಎಂದು ಕೇಳುವುದಿಲ್ಲ.

ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದು 2014ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತನಿಖಾ ವರದಿ ಬಂದಾಗ ಲೋಕಕ್ಕೆಲ್ಲ ತಿಳಿಯಿತು. 1993ರಿಂದ 2011ರವರೆಗೆ, ಹದಿನೆಂಟು ವರ್ಷ, ಪಾಠವೇ ನಡೆಯದ ತರಗತಿಗಳು ಅಲ್ಲಿದ್ದವು. ಕೊನೆಯಲ್ಲಿ ಒಂದು ಪ್ರಬಂಧ ಕೊಟ್ಟರೆ ಕಚೇರಿಯ ಸಿಬ್ಬಂದಿಯೇ ಒಳ್ಳೆಯ ಅಂಕ ಹಾಕುತ್ತಿದ್ದರು. ಸುಮಾರು 3,100 ವಿದ್ಯಾರ್ಥಿಗಳು ಅಂಥ ತರಗತಿಗಳಲ್ಲಿ ಹೆಸರು ಬರೆಸಿದ್ದರು, ಅವರಲ್ಲಿ ಅರ್ಧದ ಹತ್ತಿರದಷ್ಟು ಮಂದಿ ಆಟಗಾರರು. ಆ ತರಗತಿಗಳು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿದ್ದವು, ಹಾಗಾಗಿ ಇದು ನಮ್ಮ ನಿಯಮದ ಉಲ್ಲಂಘನೆ ಎಂದು ತೀರ್ಮಾನಿಸಲಾಗದು ಎಂದು 2017ರಲ್ಲಿ ಎನ್‌ಸಿಎಎ ಕೈಚೆಲ್ಲಿತು. ಅದನ್ನು ಓದಿದ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಆ ಹುಡುಗರಿಂದ ಕಸಿದುಕೊಂಡದ್ದು ಎಷ್ಟು ಅಧ್ಯಾಯಗಳು! ಅಂಕ ಕೊಟ್ಟು ಸಾಗಹಾಕುವುದರ ಒಳಗೆ ‘ನಿನ್ನ ಕೈಯಲ್ಲಿ ಇದು ಆಗದು’ ಎಂಬ ತೀರ್ಪು ಅಡಗಿರುತ್ತದೆ. ಆಟಗಾರನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1989ರ ಜನವರಿಯಲ್ಲಿ ಜಾರ್ಜ್‌ಟೌನ್ ತಂಡದ ಕೋಚ್ ಜಾನ್ ಥಾಂಪ್ಸನ್ ಪಂದ್ಯ ಶುರುವಾಗುವ ಹೊತ್ತಿಗೆ ಅಂಕಣ ಬಿಟ್ಟು ನಡೆದುಹೋದರು. ಪ್ರವೇಶ ಪರೀಕ್ಷೆಯ ಅಂಕ ಇಲ್ಲವೇ ಶಾಲೆಯ ಅಂಕ ಕಡಿಮೆ ಇದ್ದವರಿಗೆ ಮೊದಲ ವರ್ಷ ವಿದ್ಯಾರ್ಥಿವೇತನವನ್ನೇ ಕೊಡಬಾರದು ಎಂಬ ಹೊಸ ನಿಯಮಕ್ಕೆ ಅದು ಪ್ರತಿಭಟನೆ. ಬಡ ಕಪ್ಪು ಹುಡುಗರು ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಅವರನ್ನು ತಳ್ಳುವ ಕ್ರಮ ಇದು ಎಂಬುದು ಅವರ ವಾದವಾಗಿತ್ತು. ಅದೇ ಥಾಂಪ್ಸನ್ ತಮ್ಮ ಮೇಜಿನ ಮೇಲೆ ಗಾಳಿ ತೆಗೆದ ಒಂದು ಚೆಂಡನ್ನು ಇಟ್ಟುಕೊಂಡಿದ್ದರು, ಗಾಳಿ ಹೋದ ಮೇಲೆ ನಿನ್ನ ಬಳಿ ಏನು ಉಳಿಯುತ್ತದೆ ನೋಡಿಕೋ ಎಂದು ಆಟಗಾರರಿಗೆ ತೋರಿಸಲು. ನಾಲ್ಕು ವರ್ಷ ಅವರ ಬಳಿ ಉಳಿದವರಲ್ಲಿ 97 ಪ್ರತಿಶತ ಪದವಿ ಪಡೆದರು. ಬಾಗಿಲಲ್ಲಿ ತಡೆಯಬೇಡಿ, ಒಳಗೆ ಬಂದ ಮೇಲೆ ಬಿಡಬೇಡಿ. ನನಗೆ ಇವರೇ ಸರಿ ಎನಿಸುತ್ತದೆ.

ನಮ್ಮ ಹುಡುಗನಿಗೆ ಸಂಭವನೀಯತೆ ತಲೆಗೆ ಹೋಗುತ್ತಿರಲಿಲ್ಲ. ಅವನ ಫ್ರೀ ಥ್ರೋ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ತಡೆಯಿಲ್ಲದ ಎಸೆತ, ನೂರಕ್ಕೆ ಎಪ್ಪತ್ತು ಬೀಳುತ್ತಿತ್ತು. ಎರಡು ಎಸೆತ ಸಿಕ್ಕಿದರೆ ಎರಡೂ ಬೀಳುವ ಸಾಧ್ಯತೆ ಎಷ್ಟು ಎಂದು ಕೇಳಿದೆ. ‘ಎಪ್ಪತ್ತು’ ಎಂದ. 0.7ನ್ನು 0.7ರಿಂದ ಗುಣಿಸು ಎಂದೆ. 0.49 ಬಂತು. ಪೆನ್ನು ಕೆಳಗಿಟ್ಟ. ‘ಎರಡೂ ಬೀಳುವುದು ಅರ್ಧಕ್ಕಿಂತ ಕಡಿಮೆಯೇ? ನೀವು ನನ್ನ ಆಟ ನೋಡಿದ್ದೀರಾ?’ ಎಂದು ಕೇಳಿದ. ನಿಜವಾಗಿಯೂ ನೊಂದುಕೊಂಡಿದ್ದ.

ಎರಡು ದಿನ ಬಿಟ್ಟು ಬಂದಾಗ ಅವನ ಕೈಯಲ್ಲಿ ಬೆವರಿಗೆ ಮೆತ್ತಗಾದ ಒಂದು ಹಾಳೆಯಿತ್ತು. ಅಭ್ಯಾಸ ಮುಗಿದ ಮೇಲೆ ಎರಡೆರಡರಂತೆ ಐವತ್ತು ಜೋಡಿ ಎಸೆದು, ಗೆಳೆಯನಿಂದ ಗೀಟು ಹಾಕಿಸಿಕೊಂಡು ಬಂದಿದ್ದ. ಎರಡೂ ಬಿದ್ದದ್ದು ಇಪ್ಪತ್ತಮೂರು ಸಲ. ಹಾಳೆಯನ್ನು ನನ್ನ ಮುಂದಿಟ್ಟು ಏನೂ ಹೇಳದೆ ಕುಳಿತ. ಆ ಹಾಳೆಯ ಗೀಟುಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ, ಐದೈದರ ಕಟ್ಟು, ನಡುವೆ ಒಂದು ಕಡೆ ಮಂಜುಗಡ್ಡೆಯ ನೀರು ಬಿದ್ದು ಶಾಯಿ ಹರಡಿತ್ತು.

ಆಟದ ಮಾತೂ ಬರುತ್ತಿತ್ತು. 2001ರ ಮೇ ತಿಂಗಳಲ್ಲಿ ವೃತ್ತಿಪರ ಆಟಗಾರ ವಿನ್ಸ್ ಕಾರ್ಟರ್ ಬೆಳಿಗ್ಗೆ ತನ್ನ ಹಳೆಯ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕುಳಿತು, ಅದೇ ದಿನ ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಸರಣಿಯ ಏಳನೆಯ ಪಂದ್ಯ ಆಡಿದ ಕಥೆಯನ್ನು ಆ ಹುಡುಗನೇ ನನಗೆ ಹೇಳಿದ್ದು. ಕೊನೆಯ ಎಸೆತ ತಪ್ಪಿ ತಂಡ 87–88ರಲ್ಲಿ ಸೋತಿತು, ಜನ ಘಟಿಕೋತ್ಸವವನ್ನೇ ದೂರಿದರು. ‘ಹೋಗಬಾರದಿತ್ತು ಎನ್ನುತ್ತಾರೆ’ ಎಂದ. ನೀನಾದರೆ ಎಂದು ಕೇಳಿದೆ. ‘ಅಮ್ಮ ಕರೆದುಕೊಂಡು ಹೋಗುತ್ತಿದ್ದಳು’ ಎಂದ. ಅಷ್ಟರಲ್ಲೇ ಅವನ ಮನೆಯೊಂದು ನನಗೆ ಕಂಡಿತು.

ಈಗ ಅಲ್ಲಿ ಬಹಳ ಬದಲಾಗಿದೆ. 2021ರಿಂದ ಆಟಗಾರರು ತಮ್ಮ ಹೆಸರಿನ ಜಾಹೀರಾತಿನಿಂದ ಹಣ ಗಳಿಸಬಹುದು, 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಪಾಲು ಕೊಡಬಹುದು. ಅದು ನ್ಯಾಯವೇ. ಆದರೆ ಹಣದ ಹಿಂದೆ ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿಸುವಾಗ, ಹಳೆಯ ತರಗತಿಗಳಲ್ಲಿ ಎಷ್ಟೋ ಹೊಸ ಕಡೆ ಲೆಕ್ಕಕ್ಕೆ ಬರುವುದಿಲ್ಲ. ಅವರ ಮುಂದೆ ಹಾಳೆ ಸರಿಸುವವರು ಯಾರು ಎಂದು ಯೋಚನೆಯಾಗುತ್ತದೆ.

ಆ ಸೆಮಿಸ್ಟರಿನ ಕೊನೆಯ ಹೋಂವರ್ಕ್ ರಾತ್ರಿ ಹನ್ನೆರಡರೊಳಗೆ ಸಲ್ಲಿಸಬೇಕಿತ್ತು. ಬಸ್ಸಿನಲ್ಲಿ ಆರು ಗಂಟೆ ಕುಳಿತು ಬಂದ ಹುಡುಗ. ಕಣ್ಣು ಕೆಂಪಗಿದ್ದವು. ಹತ್ತೂವರೆಯ ಹೊತ್ತಿಗೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ‘ಒಂದೇ ಒಂದು ಲೆಕ್ಕ. ನೀವು ಬರೆದರೆ ಎರಡು ನಿಮಿಷ’ ಎಂದ. ಎರಡು ನಿಮಿಷ ಎಂಬ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. ಆಗದು ಎಂದೆ. ಅವನು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು, 16 ಅಂಕ ಬಂದ ದಿನ ನಾನು ನೋಡಿದ್ದು ಹಾಗೆಯೇ. ಲ್ಯಾಪ್‌ಟಾಪ್ ತಿರುಗಿಸಿಕೊಂಡು, ಮಾತಿಲ್ಲದೆ ಮುಕ್ಕಾಲು ಗಂಟೆ ಕುಳಿತು ಮುಗಿಸಿದ. ನೆಲ ಒರೆಸಿಯೇ ಹೋದ.

ಆ ವಾರ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಆಗಷ್ಟೇ ನಿವೃತ್ತರಾಗಿದ್ದರು.

‘ಅವನೇ ಬರೆದನೇ?’ ಎಂದರು.

‘ಅವನೇ, ಮೇಡಂ.’

‘ಸರಿಯಿತ್ತೇ?’

‘ಅರ್ಧ ತಪ್ಪಿತ್ತು.’

‘ಮತ್ತೆ ಕೂರಿಸಿ ಮಾಡಿಸಿದೆಯಾ, ಇಲ್ಲ ಅಲ್ಲಿಗೇ ಬಿಟ್ಟೆಯಾ?’

ಬಿಟ್ಟಿದ್ದೆ. ಹೋಂವರ್ಕಿನ ಅಂಕ ಬಂದಾಗಿತ್ತು, ಪಾಸಾಗಲು ಅದು ಸಾಕಿತ್ತು. ಮರುದಿನ ಅವನಿಗೆ ಹೇಳಿ ಕಳಿಸಿದೆ. ಬರಲಾರ ಎಂದುಕೊಂಡಿದ್ದೆ. ಎಂಟಕ್ಕೆ ಸರಿಯಾಗಿ ಬಂದ, ಮಂಜುಗಡ್ಡೆಯ ಕಾಲುಗಳನ್ನು ಮೇಜಿನ ಕೆಳಗೆ ಚಾಚಿ, ಆ ಲೆಕ್ಕವನ್ನು ಮುಂದೆ ಹರಡಿಕೊಂಡ. ತಪ್ಪು ಎಲ್ಲಿದೆ ಎಂದು ನಾನು ಬೆರಳು ಚಾಚುವಷ್ಟರಲ್ಲಿ ಅಂಗೈಯನ್ನು ಹಾಳೆಯ ಮೇಲಿಟ್ಟು ಮುಚ್ಚಿದ.

‘ತೋರಿಸಬೇಡಿ’ ಎಂದ. ಇನ್ನೊಂದು ಕೈಯಲ್ಲಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ.