20 ಮೀಟರ್ ಒಳಗಿನ ಮಾತು

ತುಂಬಾ ದಿನಗಳ ಮೇಲೆ ನಿನ್ನೆ ರಾತ್ರಿ ಸೆಕೆಂಡ್ ಲೈಫ್‌ಗೆ ಹೋಗಿದ್ದೆ. ಅದು 2003ರಲ್ಲಿ ಶುರುವಾದ, ಕಂಪ್ಯೂಟರ್ ಪರದೆಯ ಮೇಲಿನ ಆನ್‌ಲೈನ್ ಲೋಕ, ಅಲ್ಲಿನ ಮನೆ, ಮರ, ಸೇತುವೆಗಳನ್ನೆಲ್ಲ ಹೆಚ್ಚಾಗಿ ಕಟ್ಟಿದ್ದು ಅಲ್ಲಿಗೆ ಬರುವ ಜನರೇ. ಸುಮ್ನೆ ಹಾರಾಡಿ ಒಂದು ಕಡಲ ದಂಡೆಯಲ್ಲಿ ಇಳಿದೆ. ಯಾರೋ ಒಬ್ಬರೇ ಕೂತಿದ್ದರು. ಅಲ್ಲಿ ಮಾಮೂಲಿಯಾಗಿ ಟೈಪ್ ಮಾಡಿದ ಮಾತು 20 ಮೀಟರ್ ಒಳಗಿದ್ದವರಿಗಷ್ಟೇ ತಲುಪುತ್ತೆ, ಹಾಗೆ ಮಾತಾಡಬೇಕಂದ್ರೆ ಹತ್ತಿರ ಹೋಗಬೇಕು, ನನಗೆ ಇಷ್ಟವಾಗೋದೇ ಅದು. ನಮಸ್ಕಾರ ಅಂದೆ. ಅವರ ಅವತಾರದ, ಅಂದ್ರೆ ಪರದೆಯ ಮೇಲಿನ ಅವರ ಗೊಂಬೆಯ, ಕೈಗಳು ಗಾಳಿಯಲ್ಲೇ ಕೀಬೋರ್ಡ್ ಒತ್ತುವ ಹಾಗೆ ಆಡಿದವು, ನಿಂತವು, ಮತ್ತೆ ಆಡಿದವು. ಬರೆದು ಅಳಿಸ್ತಾ ಇದ್ದಾರೆ ಅನ್ನಿಸಿ ಕಾದೆ. "ಇವತ್ತು ನನ್ನನ್ನು ಮಾತಾಡಿಸಿದ ಮೊದಲನೆಯವರು ನೀವು" ಅಂತ ಬಂತು. ಮನಸ್ಸು ತುಂಬಿ ಬಂತು. ಅಲ್ಲಿ ಸಾಮಾನ್ಯವಾಗಿ ಒಂದು ದಿನ ಅಂದ್ರೆ ನಮ್ಮ 4 ಗಂಟೆ. ನಮ್ಮ ಮಾತು ಮುಗಿಯೋಷ್ಟರಲ್ಲಿ ಸೂರ್ಯ ಮುಳುಗಿ, ಮತ್ತೆ ಹುಟ್ಟಿದ್ದ.